ಕೇದಗೆಗೆ ಅಷ್ಟೊಂದು ಕಾಲು ಬಂದದ್ದು

ಲೋಕ ಆಗಿನ್ನೂ ಹಸಿ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಕಡಲು ಬೆಳಿಗ್ಗೆ ಒಂದು ಬಣ್ಣ ಉಟ್ಟು, ಮಧ್ಯಾಹ್ನ ಇನ್ನೊಂದು ಉಟ್ಟು, ಯಾವುದು ತನಗೆ ಒಪ್ಪುತ್ತದೆ ಅಂತ ತಿಳಿಯದೆ ಒದ್ದಾಡುತ್ತಿತ್ತು. ಕೆಲವು ಮೀನುಗಳಿಗೆ ತಾವು ಹಕ್ಕಿಯೋ ಮೀನೋ ಎಂಬ ಅನುಮಾನ. ಒಟ್ಟಿನಲ್ಲಿ ಯಾರಿಗೂ ಏನೂ ಸರಿಯಾಗಿ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಮರಗಳಿಗೆ ಬೇರಿರಲಿಲ್ಲ, ಕಾಲಿತ್ತು. ಒಂದು ಮರಕ್ಕೆ ಒಂದೇ ಕಾಲು. ನೀವು ಕುಂಟಾಬಿಲ್ಲೆ ಆಡುತ್ತೀರಲ್ಲ, ಹಾಗೆ ಕುಪ್ಪಳಿಸಿಕೊಂಡು ಊರೆಲ್ಲ ಸುತ್ತಿ, ಜಾಗ ಹಿಡಿಸಿದ ಕಡೆ ಕಾಲು ಊರಿ ನಿಲ್ಲಬೇಕು. ಒಮ್ಮೆ ಊರಿದರೆ ಆಯಿತು, ಮತ್ತೆ ಕೀಳುವ ಹಾಗಿಲ್ಲ. ತೆಂಗಿನ ಮರ ಮರಳು ಕಂಡದ್ದೇ ತಡ, ಅಲ್ಲೇ ನಿಂತಿತು. ದೀವಿಹಲಸು ಅಡುಗೆಮನೆಯ ಹೊಗೆಯ ವಾಸನೆ ಹಿಡಿದು ಹೋಗಿ ಹಿತ್ತಲಲ್ಲಿ ನಿಂತಿತು. ಬಾಳೆಯಂತೂ ಯಾರು ಕರೆದರೂ ಬರುತ್ತೇನೆ ಅನ್ನುವ ಗಿರಾಕಿ, ಎಲ್ಲರ ಮನೆ ಹತ್ತಿರವೂ ನಿಂತಿತು.

ನಿಲ್ಲದೆ ಉಳಿದದ್ದು ಒಂದೇ ಮರ. ಹಳ್ಳದ ಬದಿಯಲ್ಲಿ, ಕಡಲ ದಂಡೆಯಲ್ಲಿ ನೀವು ನೋಡಿದ್ದೀರಿ. ಉದ್ದುದ್ದ ಎಲೆ, ಎಲೆಗೆಲ್ಲ ಮುಳ್ಳು. ನಾವು ಅದನ್ನು ಕೇದಗೆ ಅನ್ನುತ್ತೇವೆ.

ಆದರೆ ಈ ಕಥೆ ನಡೆದದ್ದು ನಮ್ಮ ಕಡಲಿನಲ್ಲಲ್ಲ. ಮೂಡಲಿಗೆ ಹೋಗಿ, ಇನ್ನೂ ಹೋಗಿ, ಇನ್ನೇನು ಲೋಕ ಮುಗಿಯಿತು ಅನ್ನುವಾಗ ಒಂದು ದೊಡ್ಡ ಕಡಲು ಸಿಗುತ್ತದೆ. ಅದರ ನಟ್ಟನಡುವೆ ಎರಡು ದ್ವೀಪ. ಗಾಳಿ ಮೊದಲು ಬಂದು ಮುಟ್ಟುವ ದ್ವೀಪಕ್ಕೆ ಗಾಳಿಮೊಗ ಅಂತ ಹೆಸರು. ಆಮೇಲೆ ಮುಟ್ಟುವುದಕ್ಕೆ ಗಾಳಿಬೆನ್ನು ಅಂತ ಹೆಸರು. ಬೆಳಿಗ್ಗೆ ಗಾಳಿಮೊಗದಿಂದ ದೋಣಿ ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಗಾಳಿಬೆನ್ನು ಸೇರಬಹುದು.

ಗಾಳಿಮೊಗದಲ್ಲಿ ಸಿಯಾಲೆ ಅಂತ ಒಬ್ಬಳು ಹುಡುಗಿ ಇದ್ದಳು. ಎಂಟು ವರ್ಷ. ಸಿಯಾಲೆ ಅಂದರೆ ಅಲ್ಲಿ ಒಂದು ಬಿಳಿ ಹೂವಿನ ಹೆಸರು. ಅವಳ ಅಮ್ಮ ಆ ದ್ವೀಪದವಳು. ಮರದ ತೊಗಟೆಯನ್ನು ನೆನೆಹಾಕಿ, ಕೊಡತಿಯಲ್ಲಿ ಟಕ ಟಕ ಬಡಿದು ಬಡಿದು ಬಟ್ಟೆ ಮಾಡುತ್ತಿದ್ದಳು. ಉಡುವುದೂ ಅದೇ ಬಟ್ಟೆ, ಹಾಸಿ ಮಲಗುವುದೂ ಅದೇ ಬಟ್ಟೆ. ಅಪ್ಪ ಗಾಳಿಬೆನ್ನಿನವನು. ಮೀನು ಹಿಡಿಯುತ್ತ ಹಿಡಿಯುತ್ತ ಬಂದವನು ಅಮ್ಮನನ್ನು ಕಂಡು ಅಲ್ಲೇ ಉಳಿದುಬಿಟ್ಟಿದ್ದ. ಅವನಿಗೂ ಒಂದೇ ಕಾಲಿದ್ದಿದ್ದರೆ ಅಲ್ಲೇ ಊರುತ್ತಿದ್ದ ಅಂತ ಊರಿನವರು ತಮಾಷೆ ಮಾಡುತ್ತಿದ್ದರು.

ಸಿಯಾಲೆಗೆ ಒಂದು ಸಂಕಟವಿತ್ತು. ಗಾಳಿಮೊಗದಲ್ಲಿ ಯಾರಾದರೂ ಅವಳನ್ನು ಕಂಡರೆ, ಓ, ಆ ಗಾಳಿಬೆನ್ನಿನವನ ಮಗಳು ಅನ್ನುತ್ತಿದ್ದರು. ಗಾಳಿಬೆನ್ನಿನಿಂದ ಯಾರಾದರೂ ಬಂದರೆ, ಓ, ಆ ಗಾಳಿಮೊಗದವಳ ಮಗಳು ಅನ್ನುತ್ತಿದ್ದರು. ನಮ್ಮ ಹುಡುಗಿ ಅಂತ ಯಾರೂ ಅಂದಿರಲಿಲ್ಲ. ಬೈದದ್ದೇನೂ ಅಲ್ಲ, ಬಾಯಿಗೆ ಬಂದದ್ದು ಅಷ್ಟೇ. ಆದರೂ ಅವಳಿಗೆ ಬೇಜಾರಾಗುತ್ತಿತ್ತು. ನಾನು ಯಾವ ಊರಿನವಳು ಅಂತ ಅಪ್ಪನನ್ನು ಕೇಳಿದರೆ ಅಪ್ಪ ನಗುತ್ತಿದ್ದ. ಅಮ್ಮನನ್ನು ಕೇಳಿದರೆ, ಊಟ ಮಾಡು ಮೊದಲು ಅನ್ನುತ್ತಿದ್ದಳು.

ಹಾಗಾಗಿ ಅವಳು ಮಾತಾಡುತ್ತಿದ್ದದ್ದೆಲ್ಲ ಆ ನಿಲ್ಲದ ಮರದ ಹತ್ತಿರ. ಮರ ಇವತ್ತು ದಂಡೆಯಲ್ಲಿದ್ದರೆ ನಾಳೆ ಗುಡ್ಡದ ಮೇಲೆ. ನಾಡಿದ್ದು ನೋಡಿದರೆ ಅಮ್ಮ ಬಟ್ಟೆ ಬಡಿಯುವ ಚಪ್ಪರದ ಹಿಂದೆ, ಒಂಟಿಕಾಲಿನಲ್ಲಿ ತೂಗಾಡುತ್ತ ಹಾಜರ್. ಹೋದ ಕಡೆಯಲ್ಲೆಲ್ಲ ಒಣಗಿದ ಎಲೆ ಉದುರಿಸಿಕೊಂಡು ಹೋಗುತ್ತಿತ್ತು. ಗಾಳಿ ಆ ಎಲೆಗಳನ್ನು ಕಡಲಿಗೆ ತಳ್ಳುತ್ತಿತ್ತು. ಕಡಲು ಎಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು. ಎಲ್ಲಿಗೆ ಅಂತ ಯಾರೂ ಕೇಳಿರಲಿಲ್ಲ.

ಒಂದು ದಿನ ಸಿಯಾಲೆ ಅದನ್ನು ಕೇಳಿದಳು, ನೀನು ಯಾಕೆ ಎಲ್ಲೂ ನಿಲ್ಲುವುದಿಲ್ಲ ಅಂತ.

ಮರ ಒಂಟಿಕಾಲಿನ ಮೇಲೆ ಅತ್ತಿತ್ತ ವಾಲಿತು. "ಇಲ್ಲಿ ನಿಂತರೆ ಅಲ್ಲಿ ಇಲ್ಲದ ಹಾಗೆ ಆಗುತ್ತದಲ್ಲ" ಅಂದಿತು.

ಸಿಯಾಲೆಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಆದರೆ ಹೌದು ಹೌದು ಅಂತ ತಲೆಯಾಡಿಸಿದಳು.

ಈಗ ಗಾಳಿಯ ವಿಷಯಕ್ಕೆ ಬರೋಣ. ವರ್ಷವಿಡೀ ಅದು ಗಾಳಿಮೊಗದಿಂದ ಗಾಳಿಬೆನ್ನಿಗೆ ಬೀಸುತ್ತದೆ. ವರ್ಷಕ್ಕೊಮ್ಮೆ ಎಂಟು ದಿನ ಮಾತ್ರ ಏನು ತಿಳಿಯುತ್ತದೋ, ಹಿಂದಕ್ಕೆ ತಿರುಗುತ್ತದೆ. ಆ ವರ್ಷ ಹಾಗೆ ತಿರುಗಿ ಬಂದಾಗ ಒಂದು ಸುದ್ದಿ ತಂದಿತು. ಹೇಳಿದ್ದು ಗಾಳಿಬೆನ್ನಿನ ಫುಸಿ ಅಜ್ಜಿ, ಅಂದರೆ ಸಿಯಾಲೆಯ ಅಪ್ಪನ ಅಮ್ಮ. ಲೋಕವೇ ಹೊಸದು ಅಂದಮೇಲೆ ಅಜ್ಜಿ ಎಲ್ಲಿಂದ ಬಂದಳು ಅಂತ ಕೇಳಬೇಡಿ. ಅಜ್ಜಿಯರು ಮೊದಲಿನಿಂದಲೂ ಇದ್ದರು.

ಗಾಳಿ ಸಿಯಾಲೆಯ ಕಿವಿಯ ಹತ್ತಿರ ಬಂದು, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿತು. "ಸಿಯಾಲೆ, ನಿನ್ನ ಫಲಾ ತಗೊಂಡು ಬಾ. ನನ್ನ ಕಣ್ಣು ಮಂಜಾಗ್ತಾ ಇದೆ. ಪೂರ್ತಿ ಹೋಗೋದರೊಳಗೆ ನೋಡಿ, ನಿನ್ನನ್ನೂ ನಮ್ಮವಳು ಅಂತ ಸೇರಿಸಿಕೊಳ್ಳಬೇಕು."

ನಮ್ಮವಳು. ಸಿಯಾಲೆ ಆ ಮಾತನ್ನು ಗಾಳಿಯ ಹತ್ತಿರ ಮೂರು ಸಲ ಹೇಳಿಸಿಕೊಂಡಳು. ನಾಲ್ಕನೇ ಸಲಕ್ಕೆ ಗಾಳಿಗೆ ಬೇಜಾರಾಗಿ ಹೊರಟುಹೋಯಿತು.

ಇನ್ನು ಈ ಫಲಾ. ನಮಗೆ ಫಲ ಅಂದರೆ ಹಣ್ಣು. ಅವರಿಗೆ ಅದಲ್ಲ. ಗಾಳಿಮೊಗದಲ್ಲಿ ಫಲಾ ಅಂದರೆ ಆ ನಿಲ್ಲದ ಮರ. ಅಲ್ಲಿ ಮಗುವನ್ನು ಕೇಳಿದರೂ ಅಷ್ಟೇ, ಮುದುಕರನ್ನು ಕೇಳಿದರೂ ಅಷ್ಟೇ. ಅಜ್ಜಿಗೆ ಮರ ಯಾಕೆ ಬೇಕು ಅಂತ ಸಿಯಾಲೆಗೆ ತಲೆಬುಡ ತಿಳಿಯಲಿಲ್ಲ. ಅಪ್ಪನನ್ನು ಕೇಳೋಣವೆಂದರೆ ಅವನು ದೂರದ ಹವಳದ ದಿಬ್ಬಕ್ಕೆ ಮೀನಿಗೆ ಹೋಗಿದ್ದ, ಬರಲು ಇನ್ನೂ ಹತ್ತು ದಿನವಿತ್ತು. ಅಮ್ಮನೂ ತಲೆ ಕೆರೆದುಕೊಂಡಳು. ವಯಸ್ಸಾದವರಿಗೆ ಏನೇನೋ ಆಸೆ ಇರುತ್ತದೆ, ಕೇಳಿದ್ದು ಮರ ತಾನೇ, ಕರೆದುಕೊಂಡು ಹೋಗು ಅಂದಳು.

ಸಿಯಾಲೆ ಮರದ ಹತ್ತಿರ ಹೋದಳು. ನಮ್ಮ ಅಜ್ಜಿ ನಿನ್ನನ್ನು ಕರೆಯುತ್ತಿದ್ದಾಳೆ ಅಂದಳು.

ಮರಕ್ಕೆ ಗಾಬರಿಯಾಯಿತು. ತನ್ನನ್ನು ಅಜ್ಜಿ ಎಲ್ಲಿ ನೋಡಿದಳು, ತಾನು ಅವಳಿಗೆ ಏನಾಗಬೇಕು, ಹೋದರೆ ವಾಪಸು ಬರುವುದು ಹೇಗೆ, ಹೋಗದಿದ್ದರೆ ಏನನ್ನುತ್ತಾಳೆ, ಒಂದಲ್ಲ ಎರಡಲ್ಲ ಪ್ರಶ್ನೆ. ಸಿಯಾಲೆ ಎಲ್ಲದಕ್ಕೂ ಗೊತ್ತಿಲ್ಲ, ಗೊತ್ತಿಲ್ಲ ಅಂದಳು. ಕೊನೆಗೆ, ನೀನು ಬರದಿದ್ದರೆ ನನ್ನನ್ನು ಸೇರಿಸಿಕೊಳ್ಳುವುದಿಲ್ಲವಂತೆ ಅಂತ ಹೇಳಿ ಮುಖ ಸಣ್ಣದು ಮಾಡಿದಳು. ಮರಕ್ಕೆ ಅಷ್ಟು ಸಾಕಾಯಿತು. ಕುಪ್ಪಳಿಸಿಕೊಂಡು ದಂಡೆಗೆ ಬಂತು.

ಕರೆದುಕೊಂಡು ಹೊರಟವನು ಸೋದರಮಾವ ತೌಫಾ. ಅಮ್ಮನ ತಮ್ಮ, ದೊಡ್ಡ ಆಳು, ಕಡಿಮೆ ಮಾತು. ಅಲ್ಲಿಯ ದೋಣಿಗೆ ಪಕ್ಕದಲ್ಲಿ ಒಂದು ತೇಲುಮರ ಕಟ್ಟಿರುತ್ತಾರೆ, ಅಲೆಗೆ ಮಗುಚದಿರಲಿ ಅಂತ. ಅಂಥ ದೋಣಿಯ ನಡುವೆ ಮರ ನಿಂತಿತು. ಮರವನ್ನು ಯಾಕೆ ಒಯ್ಯುತ್ತಿದ್ದೇವೆ ಅಂತ ತೌಫಾ ಮಾವ ಕೇಳಲೂ ಇಲ್ಲ. ಮಾವಂದಿರು ಹಾಗಿದ್ದರೇ ಚೆಂದ.

ಗಾಳಿಗೆ ಆವತ್ತು ಎಂಟನೆಯ ದಿನ. ಮುಂದಕ್ಕೆ ಬೀಸಬೇಕೋ ಹಿಂದಕ್ಕೆ ಬೀಸಬೇಕೋ ಅಂತ ಅದಕ್ಕೇ ಗೊತ್ತಿರಲಿಲ್ಲ. ಒಮ್ಮೆ ಈ ಕಡೆಯಿಂದ ಬೀಸಿತು. ಮರದ ಎಲೆಗಳೆಲ್ಲ ಅತ್ತ ಹೋದವು. ಒಮ್ಮೆ ಆ ಕಡೆಯಿಂದ ಬೀಸಿತು. ಎಲೆಗಳೆಲ್ಲ ಇತ್ತ ಬಂದವು. ದೋಣಿ ಗಿರಗಿರ ಸುತ್ತಿತು. ಎಲೆಗಳೂ ಕಾಂಡದ ಸುತ್ತ ಸುತ್ತಿ ಸುತ್ತಿ ಹೆರಳು ತಿರುಚಿದ ಹಾಗಾದವು. ಸಿಯಾಲೆಗೆ ತಲೆ ತಿರುಗಿ ವಾಂತಿಯಾಯಿತು.

"ಎಲ್ಲಿಗೆ ಹೊರಟಿರಿ?" ಅಂತ ಕಡಲು ಕೇಳಿತು.

ಅಜ್ಜಿಯ ಊರಿಗೆ ಅಂದಳು ಸಿಯಾಲೆ. ಹಾಗಾದರೆ ನಿನ್ನ ಊರಿನಿಂದ ಬಂದೆ ಅನ್ನು ಅಂದಿತು ಕಡಲು. ಅದು ಅಮ್ಮನ ಊರು ಅಂದಳು ಸಿಯಾಲೆ. ಕಡಲಿಗೂ ಗೊಂದಲವಾಯಿತು. ತೌಫಾ ಮಾವ ಮಾತ್ರ ಹುಟ್ಟು ಹಾಕುತ್ತಲೇ ಇದ್ದ. ಹೊತ್ತು ಇಳಿಯುವಾಗ ಗಾಳಿಬೆನ್ನು ಕಂಡಿತು.

ದಂಡೆಯಲ್ಲಿ ಜನವೋ ಜನ. ಫುಸಿ ಅಜ್ಜಿಯ ಇಪ್ಪತ್ತೆರಡು ಮೊಮ್ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಸುರುಳಿ. ಅವರಲ್ಲಿ ದೊಡ್ಡವಳು ಓಫಾ. ಹನ್ನೆರಡು ವರ್ಷ, ಊರಿನ ಯಜಮಾನಿಕೆ ಪೂರ್ತಿ ತನ್ನದೇ ಅನ್ನುವ ಹಾಗೆ ಸೊಂಟದ ಮೇಲೆ ಕೈ. ಅವಳು ದೋಣಿಯನ್ನು ನೋಡಿದಳು, ಸಿಯಾಲೆಯನ್ನು ನೋಡಿದಳು, ಮರವನ್ನು ನೋಡಿದಳು. ನಿನ್ನ ಫಲಾ ಎಲ್ಲಿ ಅಂತ ಕೇಳಿದಳು.

"ಇದೇ" ಅಂದಳು ಸಿಯಾಲೆ.

ಓಫಾಳಿಗೆ ನಗು ತಡೆಯಲಿಲ್ಲ. ಅವಳು ನಕ್ಕದ್ದೇ ತಡ, ಉಳಿದ ಇಪ್ಪತ್ತೊಂದು ಮಂದಿಯೂ ನಕ್ಕರು. ಮರ ನಾಚಿಕೊಂಡು ಸಿಯಾಲೆಯ ಹಿಂದೆ ಅಡಗಲು ನೋಡಿತು. ಅಷ್ಟುದ್ದದ ಮರ, ಇಷ್ಟುದ್ದದ ಹುಡುಗಿ. ಅಡಗುವುದು ಎಲ್ಲಿಂದ ಬಂತು. ಓಫಾ ತನ್ನ ಕಂಕುಳಿನ ಸುರುಳಿಯನ್ನು ಬಿಡಿಸಿ ಹಾಸಿ ತೋರಿಸಿದಳು. ಅದೊಂದು ಚಾಪೆ. ನುಣ್ಣಗೆ, ಹೊಂಬಣ್ಣದ್ದು, ಒಳ್ಳೆ ಹೆಣಿಗೆಯದು.

ಆಗ ಸಿಯಾಲೆಗೆ ತಿಳಿಯಿತು. ಗಾಳಿಬೆನ್ನಿನಲ್ಲಿ ಫಲಾ ಅಂದರೆ ಮರವಲ್ಲ, ಚಾಪೆ.

ನೋಡಿ ಹೇಗಿದೆ. ಗಾಳಿಮೊಗದವರು ಮರ ಕಂಡಿದ್ದರು, ಅದರ ಚಾಪೆ ಕಂಡಿರಲಿಲ್ಲ. ಗಾಳಿಬೆನ್ನಿನವರು ಚಾಪೆ ಕಂಡಿದ್ದರು, ಅದರ ಮರ ಯಾವುದು ಅಂತ ತಿಳಿದಿರಲಿಲ್ಲ. ಎಲೆ ಕಡಲಿನಲ್ಲಿ ತೇಲಿ ಬರುತ್ತಿತ್ತು, ಅವರು ಆರಿಸಿ ಹೆಣೆಯುತ್ತಿದ್ದರು. ಎಲೆ ಕೊಡುವುದು ಕಡಲು ಅಂತಲೇ ಅವರ ಎಣಿಕೆ. ಒಂದೇ ಮಾತು, ಎರಡು ದ್ವೀಪ, ಎರಡು ಅರ್ಥ. ಸಿಯಾಲೆ ನಡುವೆ ಸಿಕ್ಕಿಬಿದ್ದಳು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗು ಹುಟ್ಟಿದರೆ ಅದಕ್ಕೊಂದು ಚಾಪೆ. ಮಲಗುವುದು, ಆಡುವುದು, ಜ್ವರ ಬಂದರೆ ಹೊದೆಯುವುದು ಎಲ್ಲ ಅದರಲ್ಲೇ. ಹಿರಿಯಳಿಗೆ ಕಣ್ಣು ಮಂಜಾಗುವ ಕಾಲ ಬಂದಾಗ ಮೊಮ್ಮಕ್ಕಳೆಲ್ಲ ತಂತಮ್ಮ ಚಾಪೆ ತರಬೇಕು. ಹಿರಿಯಳು ಒಂದೊಂದನ್ನೂ ನೋಡಿ, ಇದು ಇಂಥವರದು ಅಂತ ಹೆಸರು ಹಿಡಿದು ಹೇಳಿ, ಅಂಚಿಗೆ ಅಂಚು ಹೆಣೆದು ಒಂದೇ ದೊಡ್ಡ ಚಾಪೆ ಮಾಡಬೇಕು. ಮದುವೆಯಾಗಲಿ, ಸಾವಾಗಲಿ, ಆ ಮನೆಯವರು ಕೂರುವುದು ಆ ಚಾಪೆಯ ಮೇಲೆ. ಯಾರ ಚಾಪೆ ಅದರಲ್ಲಿ ಇದೆಯೋ ಅವರು ಮನೆಯವರು. ಇಲ್ಲದವರು ನೆಂಟರು.

ಸಿಯಾಲೆ ಹುಟ್ಟಿದ್ದೂ ಬೆಳೆದದ್ದೂ ತೊಗಟೆಬಟ್ಟೆಯ ಮೇಲೆ. ಅವಳಿಗೆ ಚಾಪೆ ಎಲ್ಲಿಂದ ಬರಬೇಕು? ಅವಳಿಗೆ ಅಳು ಬಂತು. ಇಲ್ಲಿಯವರೆಗೆ ಬಂದು ನೆಂಟಳಾದೆನಲ್ಲ ಅಂತ ಅಳು.

ಓಫಾ ಅವಳ ಕೈ ಹಿಡಿದು ಅಜ್ಜಿಯ ಹತ್ತಿರ ಎಳೆದುಕೊಂಡು ಹೋದಳು. ನಕ್ಕರೂ ಕೆಟ್ಟ ಹುಡುಗಿಯಲ್ಲ. ಫುಸಿ ಅಜ್ಜಿ ಮನೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಕಣ್ಣಿಗೆ ಹಾಲು ಹೊಯ್ದ ಹಾಗೆ ಪೊರೆ ಬಂದಿತ್ತು. ಓಫಾ ವಿಷಯವನ್ನೆಲ್ಲ ಹೇಳಿದಳು, ಅರ್ಧ ಹೇಳುವುದರೊಳಗೆ ಮತ್ತೆ ನಕ್ಕಳು. ಅಜ್ಜಿ ನಗಲಿಲ್ಲ. ಕೈ ಚಾಚಿ ಮೊದಲು ಸಿಯಾಲೆಯ ಮುಖ ಸವರಿದಳು. ಆಮೇಲೆ ಮರವನ್ನು ಹತ್ತಿರ ಕರೆದಳು. ಮರ ಅಂಜುತ್ತ ಅಂಜುತ್ತ ಬಗ್ಗಿತು.

ಅಜ್ಜಿ ಒಂದು ಎಲೆಯನ್ನು ಬುಡದಿಂದ ತುದಿಯವರೆಗೆ ಸವರಿದಳು. ಮುಳ್ಳು ಚುಚ್ಚಿತು, ಆದರೂ ಬಿಡಲಿಲ್ಲ. ಮತ್ತೆ ಸವರಿದಳು. ಎಲೆಯನ್ನು ಮೂಗಿನ ಹತ್ತಿರ ಹಿಡಿದಳು.

"ಹುಡುಗಿಯಾಗಿದ್ದಾಗಿನಿಂದ ಈ ಎಲೆ ಆರಿಸಿದ್ದೀನಿ" ಅಂದಳು. "ಇದಕ್ಕೂ ಒಬ್ಬಳು ತಾಯಿ ಇದ್ದಾಳೆ ಅಂತ ಒಂದು ದಿನವೂ ಯೋಚನೆ ಮಾಡಲಿಲ್ಲ ನೋಡು."

ಓಫಾ ನಗು ನಿಲ್ಲಿಸಿದಳು.

ಅಜ್ಜಿಯ ಕಣ್ಣಿನಲ್ಲಿ ಇನ್ನು ಎರಡು ದಿನದ ಬೆಳಕು ಇರಬಹುದು, ಅಷ್ಟೇ. ಅಷ್ಟರಲ್ಲಿ ಸಿಯಾಲೆ ಒಂದು ಚಾಪೆ ಹೆಣೆಯಬೇಕು. ಹೆಣೆದರೆ ನೋಡುತ್ತೇನೆ, ನೋಡಿದರೆ ಹೆಸರು ಹೇಳಿ ಸೇರಿಸುತ್ತೇನೆ ಅಂದಳು ಅಜ್ಜಿ. ಮರ ತನ್ನ ಮೈಮೇಲೆ ಒಣಗಿ ಜೋತುಬಿದ್ದಿದ್ದ ಎಲೆಗಳನ್ನೆಲ್ಲ ಉದುರಿಸಿ ರಾಶಿ ಹಾಕಿತು.

ಮಾರನೆಯ ಬೆಳಿಗ್ಗೆ ಕೆಲಸ ಶುರುವಾಯಿತು. ಎಲೆಯ ಮುಳ್ಳು ತೆಗೆ. ಸುರುಳಿ ಸುತ್ತಿ ಚಪ್ಪಟೆ ಮಾಡು. ಚಿಪ್ಪಿನಿಂದ ಕೆರೆದು ಮೆದು ಮಾಡು. ಸಣ್ಣಗೆ ಸೀಳು. ಮೇಲೊಂದು ಕೆಳಗೊಂದು, ಮೇಲೊಂದು ಕೆಳಗೊಂದು. ಅಜ್ಜಿ ಹೇಳಿಕೊಟ್ಟಳು, ಓಫಾ ಮಾಡಿ ತೋರಿಸಿದಳು, ಸಿಯಾಲೆ ತಪ್ಪು ಮಾಡಿದಳು. ಮೇಲೆ ಹಾಕುವುದನ್ನು ಕೆಳಗೆ ಹಾಕಿದಳು, ಕೆಳಗಿನದನ್ನು ಮೇಲೆ. ಬಿಚ್ಚಿದಳು. ಮತ್ತೆ ಹೆಣೆದಳು. ಅಮ್ಮನ ಹತ್ತಿರ ಕಲಿತದ್ದು ಬಡಿಯುವ ಕೆಲಸ. ಇದು ಸದ್ದಿಲ್ಲದ ಕೆಲಸ. ಕೈ ಎಲ್ಲಿದೆ ಅಂತ ಕೈಗೇ ಗೊತ್ತಾಗುತ್ತಿರಲಿಲ್ಲ. ಬಲಕ್ಕೆ ಹೋಗಬೇಕಾದ ಸಾಲು ಎಡಕ್ಕೆ ವಾಲಿತು, ಸಂಜೆಯ ಹೊತ್ತಿಗೆ ಚಾಪೆ ಒಂದು ಮೊಳ ಆಗಿತ್ತು, ಅದೂ ಸೊಟ್ಟ.

ಎರಡನೆಯ ದಿನ ಅಜ್ಜಿ ಆಗಾಗ ಕೇಳುತ್ತಿದ್ದಳು, ಬೆಳಕು ಕಡಿಮೆ ಆಯಿತೇನೇ ಅಂತ. ಬೆಳಕೇನೂ ಕಡಿಮೆಯಾಗಿರಲಿಲ್ಲ, ಸೂರ್ಯ ನೆತ್ತಿಯ ಮೇಲಿದ್ದ. ಸಿಯಾಲೆ ಅವಸರ ಮಾಡಿದಳು. ಕೇದಗೆಯ ಎಲೆಗೆ ಎರಡು ಅಂಚಿನಲ್ಲಿ ಮುಳ್ಳಿರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಹೊಟ್ಟೆಯ ಕಡೆ ನಡುಗೆರೆಯ ಮೇಲೆ ಇನ್ನೊಂದು ಸಾಲು ಇರುತ್ತದೆ, ಅದು ಕಾಣುವುದಿಲ್ಲ. ಅಜ್ಜಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಅವಳಿಗೆ ಸಿಗುತ್ತಿದ್ದ ಎಲೆಯ ಮುಳ್ಳನ್ನೆಲ್ಲ ಕಡಲೇ ತಿಕ್ಕಿ ತೊಳೆದು ತೆಗೆದಿರುತ್ತಿತ್ತು. ಸಿಯಾಲೆಗೆ ಗೊತ್ತಿತ್ತು. ಆದರೆ ಕೊನೆಯ ಎರಡು ಎಲೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿತ್ತು. ಅಂಚಿನ ಮುಳ್ಳು ತೆಗೆದಳು, ನಡುವಿನದನ್ನು ಮರೆತೇಬಿಟ್ಟಳು.

ಮುಗಿಯಿತು ಅಜ್ಜಿ ಅಂತ ಚಾಪೆಯನ್ನು ಎತ್ತಿ ಹಿಡಿದಾಗ ಮಧ್ಯಾಹ್ನ ಇನ್ನೂ ಕಳೆದಿರಲಿಲ್ಲ.

ಅಜ್ಜಿ ತಿರುಗಿ ನೋಡಿದಳು. ಸಿಯಾಲೆ ಇದ್ದ ಕಡೆಗಲ್ಲ, ಬೇರೆ ಕಡೆಗೆ. "ಎಲ್ಲಿದ್ದೀಯಾ ಮಗು?" ಅಂದಳು.

ಇಪ್ಪತ್ತೆರಡು ಮೊಮ್ಮಕ್ಕಳ ಚಾಪೆಯನ್ನೂ ಅಜ್ಜಿ ಹಿಂದಿನ ದಿನವೇ ನೋಡಿ, ಹೆಸರು ಹೇಳಿ ಆಗಿತ್ತು. ನೋಡದೆ ಉಳಿದದ್ದು ಒಂದೇ. ಎಲ್ಲ ಬಿಟ್ಟು ನನ್ನದೇ ಯಾಕೆ ಅಂತ ಸಿಯಾಲೆಗೆ ಅರ್ಥವಾಗಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೂ ಗೊತ್ತಾಗಲಿಲ್ಲ. ತಪ್ಪು ಸುದ್ದಿ ತಂದ ಗಾಳಿಯ ಮೇಲೋ? ಅದು ಹೇಳಿದ್ದನ್ನೇ ಹೇಳಿತ್ತು. ಮರದ ಮೇಲೋ? ಅದು ಪಾಪ ಕರೆದದ್ದಕ್ಕೆ ಬಂದಿತ್ತು. ಅಜ್ಜಿಯ ಕಣ್ಣಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಅವಳು ಚಾಪೆಯನ್ನು ಕೆಳಗೆ ಹಾಕಿ ಮಂಡಿಯಲ್ಲಿ ಮುಖ ಹುದುಗಿಸಿ ಕೂತಳು.

ಅಜ್ಜಿ ಮಾತ್ರ, ಕೊಡಿ ಇಲ್ಲಿ ಅಂದಳು. ನೋಡುವುದು ಆಗಲಿಲ್ಲ, ಹೆಣೆಯುವುದಾದರೂ ಆಗಲಿ. ಬೆರಳಿಗೆ ಕಣ್ಣು ಬೇಕಾಗಿರಲಿಲ್ಲ. ಇಪ್ಪತ್ತಮೂರು ಚಾಪೆಯೂ ಅಂಚಿಗೆ ಅಂಚು ಸೇರಿತು. ಆದರೆ ಯಾವುದು ಎಲ್ಲಿ ಸೇರಿತು ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಓಫಾ ಕೊಟ್ಟಿದ್ದನ್ನು ಕೊಟ್ಟ ಹಾಗೆ ಹೆಣೆದಿದ್ದಳು. ಹೆಸರು ಹೇಳದೆ ಸೇರಿಸಿದರೆ ಲೆಕ್ಕಕ್ಕಿಲ್ಲ ಅಂತ ಚಿಕ್ಕಪ್ಪ ಒಬ್ಬ ಗೊಣಗಿದ. ಸಿಯಾಲೆಗೆ ಅದು ಕೇಳಿಸಿತು.

ದೊಡ್ಡ ಚಾಪೆ ಅಂಗಳ ತುಂಬ ಹಾಸಿಕೊಂಡಿತು. ಹಿರಿಯಳು ಅದರ ಮೇಲೆ ಒಮ್ಮೆ ಉರುಳಾಡಿ ಏಳಬೇಕು, ಅದೂ ಪದ್ಧತಿಯೇ. ಅಜ್ಜಿ ಆ ತುದಿಯಲ್ಲಿ ಮಲಗಿ ಉರುಳತೊಡಗಿದಳು. ನುಣ್ಣನೆಯ ಚಾಪೆ, ಇನ್ನೊಂದು ನುಣ್ಣನೆಯ ಚಾಪೆ. ಯಾರದು ಅಂತ ಅವಳು ಹೇಳಲಿಲ್ಲ, ಹೇಳಲು ಆಗುತ್ತಲೂ ಇರಲಿಲ್ಲ. ಓಫಾಳದೂ ಒಂದೇ, ಉಳಿದವರದೂ ಒಂದೇ. ಉರುಳುತ್ತ ಉರುಳುತ್ತ ಹದಿನಾರನೆಯದೋ ಹದಿನೇಳನೆಯದೋ ಬಂದಾಗ ಅಜ್ಜಿ "ಹಾ" ಅಂದು ಉರುಳುವುದನ್ನು ನಿಲ್ಲಿಸಿಬಿಟ್ಟಳು. ಬೆನ್ನಿಗೆ ಮುಳ್ಳು ಚುಚ್ಚಿತ್ತು.

ಸಿಯಾಲೆ ಎದ್ದು ಓಡಿ ಬಂದಳು. ತಪ್ಪಾಯಿತು ಅಜ್ಜಿ, ನಡುವಿನ ಮುಳ್ಳು ಮರೆತೆ, ಈಗಲೇ ತೆಗೆಯುತ್ತೇನೆ ಅಂತ ಬಡಬಡಿಸಿದಳು.

ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದಳು. ಬಹಳ ಹೊತ್ತು ನಕ್ಕಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇದು ನಮ್ಮ ಸಿಯಾಲೆಯದು" ಅಂದಳು. "ಮುಳ್ಳು ಇರಲಿ ಮಗು. ಕಣ್ಣಿಲ್ಲದವಳಿಗೆ ಒಂದು ಗುರುತು ಬೇಡವಾ?"

ಇಪ್ಪತ್ತಮೂರರಲ್ಲಿ ಕಣ್ಣು ಹೋದ ಮೇಲೆ ಅಜ್ಜಿ ಹೆಸರು ಹಿಡಿದು ಹೇಳಿದ್ದು ಅದೊಂದನ್ನೇ. ಚಿಕ್ಕಪ್ಪ ಮತ್ತೆ ಗೊಣಗಲಿಲ್ಲ. ಸಿಯಾಲೆ ಅಜ್ಜಿಯ ತೊಡೆಯ ಮೇಲೆ ಬಿದ್ದು ಇನ್ನಷ್ಟು ಅತ್ತಳು. ಈ ಅಳು ಬೇರೆ ಅಂತ ಓಫಾಳಿಗೂ ತಿಳಿಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿ ಸರಿಹೋಯಿತು. ಮಾರನೇ ದಿನ ಬೆಳಿಗ್ಗೆ ತೌಫಾ ಮಾವ ದೋಣಿ ನೀರಿಗೆ ಇಳಿಸಿ, ಹೊರಡೋಣವೇ ಅಂತ ಕೇಳಿದ. ಸಿಯಾಲೆಗೆ ಮನೆಗೆ ಹೋಗಬೇಕು ಅನ್ನಿಸಿತು. ಅಮ್ಮನ ಟಕ ಟಕ ಕೇಳದೆ ಮೂರು ದಿನವಾಗಿತ್ತು. ಅಜ್ಜಿಯ ಹತ್ತಿರ ಇರಬೇಕು ಅಂತಲೂ ಅನ್ನಿಸಿತು. ನಮ್ಮವಳು ಅನ್ನಿಸಿಕೊಂಡು ಒಂದು ದಿನ ಕೂಡ ಆಗಿರಲಿಲ್ಲ. ದೋಣಿಯ ಕಡೆ ನಾಲ್ಕು ಹೆಜ್ಜೆ ಹೋದಳು, ಮನೆಯ ಕಡೆ ನಾಲ್ಕು ಹೆಜ್ಜೆ ಬಂದಳು.

ಅವಳ ಹಿಂದೆ ಮರವೂ ಹಾಗೇ ಮಾಡಿತು. ದೋಣಿಯ ಕಡೆ ಕುಪ್ಪಳಿಸಿತು. ಆಗ ಓಫಾ, ನೀನು ಹೋದರೆ ನಮ್ಮ ಚಾಪೆಗೆ ಎಲೆ ಯಾರು ಕೊಡುತ್ತಾರೆ ಅಂತ ಕೇಳಿದಳು. ಮರ ಹಿಂದಕ್ಕೆ ಕುಪ್ಪಳಿಸಿತು. ಅಷ್ಟರಲ್ಲಿ ಸಿಯಾಲೆ ಮತ್ತೆ ದೋಣಿಯ ಕಡೆ ಹೊರಟಿದ್ದಳು.

"ಸಿಯಾಲೆ," ಅಂತ ಮರ ಕೂಗಿತು, "ನಾವು ಯಾವ ಊರಿನವರು?"

"ನನಗೆ ಗೊತ್ತಿಲ್ಲ" ಅಂದಳು ಸಿಯಾಲೆ.

ಹೋಗಲೂ ಬೇಕು, ಇರಲೂ ಬೇಕು. ಆ ಸಂಕಟಕ್ಕೆ ಮರದ ಸೊಂಟದಿಂದ ಇನ್ನೊಂದು ಕಾಲು ಹೊರಟಿತು. ಅದು ದೋಣಿಯ ಕಡೆ ಚಾಚಿಕೊಂಡಿತು. ಮತ್ತೊಂದು ಹೊರಟು ಅಜ್ಜಿಯ ಮನೆಯ ಕಡೆ ಚಾಚಿಕೊಂಡಿತು. ಓಫಾ ನಿಂತಿದ್ದ ಕಡೆಗೊಂದು, ಗಾಳಿ ಬರುವ ಕಡೆಗೊಂದು, ಗಾಳಿ ಹೋಗುವ ಕಡೆಗೊಂದು. ಒಂದೊಂದೂ ಬಂದು ಮರಳಿಗೆ ಊರಿತು. ಒಮ್ಮೆ ಊರಿದರೆ ಆಯಿತು, ಮತ್ತೆ ಕೀಳುವ ಹಾಗಿಲ್ಲ. ಮರ ಅಲ್ಲಾಡಿ ನೋಡಿತು. ಅಲ್ಲಾಡಲು ಆಗಲಿಲ್ಲ.

ಸಿಯಾಲೆ ಓಡಿ ಬಂದು ಮರವನ್ನು ತಬ್ಬಿಕೊಂಡಳು. ನನ್ನಿಂದಲೇ ಹೀಗಾಯಿತು, ಒಂದು ಕಡೆ ನಿಲ್ಲಲಾರದವಳ ಜೊತೆ ಸೇರಿ ಅದೂ ಹಾಳಾಯಿತು ಅಂತ ಬಿಕ್ಕಿದಳು. ಓಫಾ ಹೋಗಿ ಅಜ್ಜಿಯನ್ನು ಕೈ ಹಿಡಿದು ಕರೆತಂದಳು. ಅಜ್ಜಿ ಮರದ ಸುತ್ತ ಬಂದು ಒಂದೊಂದು ಕಾಲನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಇದು ಎಲ್ಲಿಗೆ ಹೊರಟಿತ್ತು?" ಅಂತ ಕೇಳಿದಳು.

"ಎಲ್ಲ ಕಡೆಗೂ ಅಜ್ಜಿ."

"ಹಾಗಾದರೆ ಬೀಳಲ್ಲ ಬಿಡು" ಅಂದಳು ಅಜ್ಜಿ.

ಸಿಯಾಲೆ ಆ ದಿನ ಅಮ್ಮನ ಹತ್ತಿರ ಹೋದಳು. ಗಾಳಿ ತಿರುಗುವ ಎಂಟು ದಿನ ಕಳೆದು ಹೋಗಿತ್ತು, ತೌಫಾ ಮಾವನಿಗೆ ಎದುರು ಗಾಳಿಯಲ್ಲಿ ಹುಟ್ಟು ಹಾಕಿ ಹಾಕಿ ತೋಳು ಬಿದ್ದುಹೋಯಿತು. ಮರದ ಒಂದು ಹಣ್ಣನ್ನು ಅವಳು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಗಾಳಿಮೊಗದ ದಂಡೆಯಲ್ಲಿ ಹುಗಿದಳು. ಅದೂ ಕಾಲು ಚಾಚಿಕೊಂಡೇ ಬೆಳೆಯಿತು. ಆಮೇಲೆ ವರ್ಷ ವರ್ಷವೂ ಅವಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿಬಂದಳು. ಯಾವ ಊರಿನವಳು ಅಂತ ಯಾರಾದರೂ ಕೇಳಿದರೆ ಅವಳಿಗೆ ಆಗಲೂ ತಟ್ಟನೆ ಹೇಳಲು ಬರುತ್ತಿರಲಿಲ್ಲ. ಆದರೆ ಕೇಳಿದವರ ಮೇಲೆ ಅವಳಿಗೆ ಬೇಜಾರಾಗುವುದು ನಿಂತಿತ್ತು.

ಅದಕ್ಕೇ ಇವತ್ತಿಗೂ ಕೇದಗೆ ಸುತ್ತಲೂ ಕಾಲು ಊರಿಕೊಂಡು ನಿಂತಿರುತ್ತದೆ, ಎಂಥ ಬಿರುಗಾಳಿಗೂ ಬೀಳುವುದಿಲ್ಲ. ಬಗ್ಗಿ ನೋಡಿದರೆ ಒಂದೆರಡು ಕಾಲು ಮಾತ್ರ ಇನ್ನೂ ನೆಲ ಮುಟ್ಟದೆ, ಎಲ್ಲಿ ಊರಲಿ, ಎಲ್ಲಿ ಊರಲಿ ಅಂತ ಗಾಳಿಯಲ್ಲಿ ನೇತಾಡುತ್ತಿರುತ್ತವೆ.